ಕಂಡ ಹುಲಿಯೂ ಕಾಣದ ಹುಲಿಯೂ

ಒಂದು ಕಾವ್ಯದ ಕಾಲವನ್ನಾಗಲಿ ಕರ್ತೃವನ್ನಾಗಲಿ ಕುರಿತು ಹೊಸ ನಿರ್ಣಯವೊಂದು ಪ್ರಕಟವಾದಾಗ, ಅದರ ಆಧಾರಗಳಾವುವು, ಆ ಆಧಾರಗಳಿಂದ ಆ ನಿರ್ಣಯವು ಹೊರಡುವುದೆ ಎಂದು ಪರೀಕ್ಷಿಸುವುದು ನಮ್ಮ ವಿದ್ವಾಂಸರಲ್ಲಿ ರೂಢವಾಗಿ ಬಂದಿರುವ ಪದ್ಧತಿ. ಶಾಸನದ ಒಂದು ಅಕ್ಷರವನ್ನು ಓದುವುದರಲ್ಲಿ ಸಂಶಯವುಂಟಾದರೂ ಪುಟಗಟ್ಟಲೆ ಚರ್ಚೆ ನಡೆಯುವುದುಂಟು. ಆದರೆ ದೇಶದಲ್ಲಿ ಇಷ್ಟು ಹುಲಿಗಳಿವೆ ಎಂದು ವೃತ್ತಪತ್ರಿಕೆಗಳಲ್ಲಿ ಅಚ್ಚಾಗುವ ಸಂಖ್ಯೆಯನ್ನು ಅದೇ ವಿದ್ವಾಂಸರು ಯಾವ ಪ್ರಶ್ನೆಯೂ ಇಲ್ಲದೆ ಅಂಗೀಕರಿಸಿಬಿಡುತ್ತಾರೆ. ಆ ಸಂಖ್ಯೆಯೂ ಒಂದು ನಿರ್ಣಯವೇ. ಅದಕ್ಕೂ ಆಧಾರಗಳಿವೆ, ಅದರ ವಿಷಯದಲ್ಲಿಯೂ ಪೂರ್ವಪಕ್ಷ ಸಿದ್ಧಾಂತಗಳು ನಡೆದಿವೆ. ಸುಮಾರು ಅರುವತ್ತು ವರ್ಷಗಳಿಂದ ನಮ್ಮ ದೇಶದಲ್ಲಿ ಹುಲಿಗಳನ್ನು ಎಣಿಸುತ್ತ ಬಂದಿರುವ ಕ್ರಮಗಳನ್ನು ವಿಮರ್ಶೆಯ ದೃಷ್ಟಿಯಿಂದ ಪರಿಶೀಲಿಸಿ, ಅಲ್ಲಿ ಸಿದ್ಧವಾಗಿರುವ ಒಂದು ತತ್ತ್ವವು ಕನ್ನಡ ಸಾಹಿತ್ಯಚರಿತ್ರೆಗೂ ಎಷ್ಟರಮಟ್ಟಿಗೆ ಉಪಯುಕ್ತವಾದೀತೆಂಬುದನ್ನು ಸೂಚಿಸುವುದು ಈ ಲೇಖನದ ಉದ್ದೇಶ. ಆ ತತ್ತ್ವವನ್ನು ಮೊದಲೇ ಹೇಳಿಬಿಡಬಹುದು: ಕಂಡವುಗಳ ಸಂಖ್ಯೆಯು ಇರುವವುಗಳ ಸಂಖ್ಯೆಯಲ್ಲ, ಎಷ್ಟು ಭಾಗವು ಕಣ್ಣಿಗೆ ತಪ್ಪಿತೆಂಬುದನ್ನು ಅಳೆಯದೆ ಹೇಳಿದ ಗಣನೆಯನ್ನು ಪ್ರಮಾಣವೆಂದು ಸ್ವೀಕರಿಸಲಾಗದು.

೧

ಹುಲಿಯು ರಾತ್ರಿಯಲ್ಲಿ ಸಂಚರಿಸುವ, ಪೊದೆಯ ಮರೆಯಲ್ಲಿ ಬಾಳುವ, ಒಂಟಿಯಾಗಿ ಅಲೆಯುವ ಪ್ರಾಣಿ. ಅದನ್ನು ಕಣ್ಣಿನಿಂದ ನೋಡಿ ಎಣಿಸುವುದು ಅಸಾಧ್ಯವೆಂಬುದನ್ನು ಅರಣ್ಯಾಧಿಕಾರಿಗಳು ಮೊದಲಿನಿಂದಲೂ ಬಲ್ಲರು. ಈ ಕಾರಣದಿಂದ ೧೯೬೬ರಲ್ಲಿ ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿಯವರು ಹೆಜ್ಜೆಗುರುತುಗಳ ಮೂಲಕ ಎಣಿಸುವ ಕ್ರಮವೊಂದನ್ನು ರೂಪಿಸಿದರು. ನಿಯತವಾದ ಕೆಲವು ದಿನಗಳಲ್ಲಿ ಕಾಡಿನ ದಾರಿಗಳಲ್ಲೆಲ್ಲ ಸಿಬ್ಬಂದಿಯವರು ನಡೆದು, ಹುಲಿಯ ಹೆಜ್ಜೆ ಕಂಡಲ್ಲಿ ಅದರ ಮೇಲೆ ಗಾಜನ್ನಿಟ್ಟು ಆಕಾರವನ್ನು ಬರೆದುಕೊಳ್ಳುವುದು; ಬಳಿಕ ಆ ರೇಖೆಗಳನ್ನೆಲ್ಲ ಒಂದೆಡೆ ಸೇರಿಸಿ ಹೋಲಿಸಿ ಇಷ್ಟು ಬೇರೆಬೇರೆಯ ಹುಲಿಗಳೆಂದು ತೀರ್ಮಾನಿಸುವುದು; ಇದು ಆ ಕ್ರಮದ ಸ್ವರೂಪ. ೧೯೭೨ರ ಮೊದಲ ರಾಷ್ಟ್ರೀಯ ಗಣತಿಯಲ್ಲಿ ದೇಶದಲ್ಲಿ ೧,೮೨೭ ಹುಲಿಗಳಿವೆ ಎಂದು ಹೇಳಲಾಯಿತು. ಮರುವರ್ಷವೇ ಹುಲಿ ಯೋಜನೆಯು ಒಂಬತ್ತು ಅರಣ್ಯಗಳಲ್ಲಿ ಆರಂಭವಾಯಿತು. ನಮ್ಮ ಬಂಡೀಪುರವೂ ಅವುಗಳಲ್ಲಿ ಒಂದು. ೨೦೦೧–೦೨ರ ವೇಳೆಗೆ ಹೆಜ್ಜೆಗುರುತಿನ ಲೆಕ್ಕದಲ್ಲಿ ಸಂಖ್ಯೆಯು ೩,೬೪೨ ಆಗಿತ್ತು.

ಈ ಕ್ರಮವು ಎರಡು ಭಾವನೆಗಳ ಮೇಲೆ ನಿಂತಿದೆ. ಪ್ರತಿಯೊಂದು ಹುಲಿಯ ಹೆಜ್ಜೆಯೂ ಇನ್ನೊಂದರಿಂದ ತಪ್ಪದೆ ಬೇರೆಯಾಗಿ ಗುರುತಿಸಲ್ಪಡುವುದೆಂಬುದು ಮೊದಲನೆಯದು. ಕಾಡಿನಲ್ಲಿರುವ ಪ್ರತಿಯೊಂದು ಹುಲಿಯ ಹೆಜ್ಜೆಯೂ ಆ ಕೆಲವು ದಿನಗಳಲ್ಲಿ ಹುಡುಕುವವರ ಕಣ್ಣಿಗೆ ಬಿದ್ದೇ ಬೀಳುವುದೆಂಬುದು ಎರಡನೆಯದು. ಮೊದಲನೆಯದನ್ನು ವಿಚಾರಿಸಿದರೆ, ಒಂದೇ ಹುಲಿಯ ಹೆಜ್ಜೆಯು ಮೆತ್ತನೆಯ ಕೆಸರಿನಲ್ಲಿ ಒಂದು ಬಗೆಯಾಗಿಯೂ ಧೂಳಿನಲ್ಲಿ ಇನ್ನೊಂದು ಬಗೆಯಾಗಿಯೂ, ನಡೆವಾಗ ಒಂದು ತೆರನಾಗಿಯೂ ಓಡುವಾಗ ಮತ್ತೊಂದು ತೆರನಾಗಿಯೂ ಮೂಡುತ್ತದೆ. ಗಾಜಿನ ಮೇಲೆ ಗೆರೆಯೆಳೆಯುವ ಕೈಯ ದೋಷವು ಅದಕ್ಕೆ ಸೇರುತ್ತದೆ. ಒಬ್ಬನೇ ಲಿಪಿಕಾರನು ಬೇರೆಬೇರೆ ಕಂಠಗಳಿಂದ ಬರೆದ ಓಲೆಗಳನ್ನು ಕಂಡು ಇಬ್ಬರು ಮೂವರ ಕೈಬರಹವೆಂದು ಭ್ರಮಿಸಿದಂತೆ ಇದು. ಸಾಕಿದ ಹುಲಿಗಳ ಹೆಜ್ಜೆಗಳನ್ನು ಬರೆದು ಅನುಭವಿಗಳಾದ ಅಧಿಕಾರಿಗಳ ಮುಂದಿಟ್ಟು ಪರೀಕ್ಷಿಸಿದಾಗ, ಅವು ಎಷ್ಟು ಹುಲಿಗಳವೆಂಬುದನ್ನು ಅವರು ಸರಿಯಾಗಿ ಹೇಳಲಾರದೆ ಹೋದರು. ಎರಡನೆಯ ಭಾವನೆಯನ್ನಂತೂ ಪರೀಕ್ಷಿಸುವ ಉಪಾಯವೇ ಆ ಕ್ರಮದೊಳಗೆ ಇರಲಿಲ್ಲ. ಬಂಡೆಗಲ್ಲಿನ ನೆಲದಲ್ಲಿ, ಎಲೆಯುದುರಿದ ಕಾಡಿನಲ್ಲಿ ಹೆಜ್ಜೆಯೇ ಮೂಡುವುದಿಲ್ಲ, ಮೂಡದುದನ್ನು ಎಣಿಸುವವರಾರು?

೨೦೦೩ರಲ್ಲಿ ಕೆ. ಉಲ್ಲಾಸ ಕಾರಂತರೂ ದೇಶವಿದೇಶಗಳ ಇತರ ಹುಲಿತಜ್ಞರೂ ಸೇರಿ ಈ ಕ್ರಮದ ದೋಷಗಳನ್ನು ಒಂದು ಪ್ರಬಂಧದಲ್ಲಿ ವಿಸ್ತಾರವಾಗಿ ಖಂಡಿಸಿದರು. ಆ ಖಂಡನವು ಕೇವಲ ಶಾಸ್ತ್ರಚರ್ಚೆಯಲ್ಲವೆಂಬುದು ಬಹುಬೇಗ ಸಿದ್ಧವಾಯಿತು. ರಾಜಸ್ಥಾನದ ಸಾರಿಸ್ಕಾ ಅರಣ್ಯದಲ್ಲಿ ೨೦೦೪ರ ಗಣತಿಯು ಹದಿನಾರರಿಂದ ಹದಿನೆಂಟು ಹುಲಿಗಳಿವೆ ಎಂದು ಹೇಳಿತ್ತು. ೨೦೦೫ರ ಮೊದಲ ತಿಂಗಳುಗಳಲ್ಲಿ ಹುಡುಕಿ ನೋಡಿದರೆ ಅಲ್ಲಿ ಒಂದು ಹುಲಿಯೂ ಉಳಿದಿರಲಿಲ್ಲ. ಕಳ್ಳಬೇಟೆಗಾರರು ಒಂದೊಂದಾಗಿ ಕೊಂದು ಮುಗಿಸುತ್ತಿದ್ದ ಕಾಲದಲ್ಲಿಯೇ ದಫ್ತರದ ಹುಲಿಗಳು ಕ್ಷೇಮವಾಗಿದ್ದುವು. ೨೦೦೯ರಲ್ಲಿ ಮಧ್ಯಪ್ರದೇಶದ ಪನ್ನಾದಲ್ಲಿಯೂ ಹುಲಿಗಳು ನಿರ್ಮೂಲವಾದುದು ಪ್ರಕಟವಾಯಿತು. ಎರಡು ಕಡೆಗಳಿಗೂ ಬೇರೆ ಕಾಡುಗಳಿಂದ ಹುಲಿಗಳನ್ನು ತಂದು ಬಿಡಬೇಕಾಯಿತು. ತಪ್ಪು ಪಾಠವೊಂದು ಕಾವ್ಯದಲ್ಲಿ ನಿಂತರೆ ಮುಂದಿನ ಸಂಪಾದಕನು ತಿದ್ದಬಹುದು. ತಪ್ಪು ಗಣನೆಯನ್ನು ನಂಬಿ ಕಾವಲನ್ನು ಸಡಿಲಿಸಿದರೆ ತಿದ್ದುವ ವೇಳೆಗೆ ಮೂಲಪ್ರತಿಯೇ ನಾಶವಾಗಿರುತ್ತದೆ.

೨

ಇದಕ್ಕೆ ಪ್ರತಿಯಾಗಿ ನಿಂತ ಎರಡನೆಯ ಕ್ರಮವು ರೂಪುಗೊಂಡುದು ಕರ್ನಾಟಕದ ನಾಗರಹೊಳೆಯಲ್ಲಿ ಎಂಬುದು ನಮಗೆ ಹೆಮ್ಮೆಯ ವಿಷಯ. ಅದನ್ನು ಅಲ್ಲಿ ಪ್ರಯೋಗಕ್ಕೆ ತಂದವರು ಮೇಲೆ ಹೇಳಿದ ಉಲ್ಲಾಸ ಕಾರಂತರು. ನಮ್ಮ ಕಾದಂಬರಿಕಾರರಾದ ಶಿವರಾಮ ಕಾರಂತರ ಪುತ್ರರು. ಹುಲಿಯ ಮೈಮೇಲಿನ ಪಟ್ಟೆಗಳು ಒಂದರಂತೆ ಮತ್ತೊಂದರಲ್ಲಿರುವುದಿಲ್ಲ. ಹುಲಿಗಳು ಹಾಯುವ ದಾರಿಗಳ ಎರಡು ಮಗ್ಗುಲಿಗೂ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮರಾಗಳನ್ನು ಕಟ್ಟಿದರೆ, ಬಂದ ಚಿತ್ರಗಳಿಂದ ಹುಲಿಗಳನ್ನು ಒಂದೊಂದಾಗಿ ಗುರುತಿಸಬಹುದು. ಇಷ್ಟೇ ಆಗಿದ್ದರೆ ಹೆಜ್ಜೆಯ ಬದಲು ಪಟ್ಟೆಯನ್ನು ಓದಿದಂತಾಗುತ್ತಿತ್ತು. ಮೊದಲನೆಯ ದೋಷವು ಮಾತ್ರ ಪರಿಹಾರವಾಗಿ ಎರಡನೆಯದು ಹಾಗೆಯೇ ಉಳಿಯುತ್ತಿತ್ತು. ಈ ಕ್ರಮದ ನಿಜವಾದ ಮಹತ್ತ್ವವಿರುವುದು ಕ್ಯಾಮರಾಕ್ಕೆ ಸಿಕ್ಕದ ಹುಲಿಗಳನ್ನು ಲೆಕ್ಕಕ್ಕೆ ತರುವ ಉಪಾಯದಲ್ಲಿ.

ಆ ಉಪಾಯವು ಹಳೆಯದು. ೧೮೯೬ರಲ್ಲಿ ಡೆನ್ಮಾರ್ಕಿನ ಪೀಟರ್ಸನ್ ಎಂಬ ವಿಜ್ಞಾನಿಯು ಮೀನುಗಳ ವಿಷಯದಲ್ಲಿಯೂ, ೧೯೩೦ರಲ್ಲಿ ಅಮೆರಿಕದ ಲಿಂಕನ್ ಎಂಬವರು ಬಾತುಗಳ ವಿಷಯದಲ್ಲಿಯೂ ಇದನ್ನು ಬಳಸಿದ್ದರು. ಊಹೆಯ ಒಂದು ಉದಾಹರಣೆಯಿಂದ ಅದನ್ನು ತಿಳಿಯಬಹುದು. ಒಂದು ಕಾಡಿನಲ್ಲಿ ಮೊದಲನೆಯ ಸಲ ೧೦ ಹುಲಿಗಳ ಚಿತ್ರ ದೊರೆಯಿತೆಂದೂ, ಎರಡನೆಯ ಸಲ ೧೨ ಹುಲಿಗಳ ಚಿತ್ರ ದೊರೆತು ಅವುಗಳಲ್ಲಿ ೬ ಮೊದಲು ಕಂಡವುಗಳೇ ಆಗಿದ್ದುವೆಂದೂ ಭಾವಿಸೋಣ. ಎರಡನೆಯ ಸಲ ಕಂಡವುಗಳಲ್ಲಿ ಅರ್ಧ ಹಳೆಯವು. ಹಾಗಾದರೆ ಮೊದಲನೆಯ ಸಲ ಕಂಡ ಹತ್ತೂ ಕಾಡಿನಲ್ಲಿರುವ ಹುಲಿಗಳ ಅರ್ಧಭಾಗವೆಂದಾಗಿ, ಒಟ್ಟು ಸುಮಾರು ೨೦ ಇರಬೇಕು. ಎರಡು ಸಲಗಳಲ್ಲಿ ಕಣ್ಣಿಗೆ ಬಿದ್ದುವು ೧೬ ಮಾತ್ರ. ಉಳಿದ ನಾಲ್ಕು ಒಮ್ಮೆಯೂ ಕಾಣಿಸಿಕೊಳ್ಳದಿದ್ದರೂ ಅವುಗಳ ಇರವನ್ನು ಕಂಡವುಗಳೇ ಹೇಳಿಕೊಟ್ಟುವು. ವ್ಯವಹಾರದಲ್ಲಿ ಹಲವು ಸಲಗಳ ಚಿತ್ರಗಳನ್ನು ಸೇರಿಸಿ, ಕೆಲವು ಹುಲಿಗಳು ಸುಲಭವಾಗಿಯೂ ಕೆಲವು ಕಷ್ಟವಾಗಿಯೂ ಸಿಕ್ಕುವುವೆಂಬುದನ್ನು ಗಣಿಸಿ, ಇದಕ್ಕಿಂತ ಜಟಿಲವಾದ ಗಣಿತವನ್ನು ಬಳಸುತ್ತಾರೆ. ತತ್ತ್ವವು ಮಾತ್ರ ಇಷ್ಟೇ.

ನಾಗರಹೊಳೆಯ ಮೊದಲ ಫಲಗಳು ೧೯೯೫ರಲ್ಲಿ ಪ್ರಕಟವಾದುವು. ೧೯೯೮ರಲ್ಲಿ ಕಾರಂತರೂ ಅಮೆರಿಕದ ಜೇಮ್ಸ್ ನಿಕಲ್ಸರೂ ಇದೇ ಕ್ರಮವನ್ನು ಕಾನ್ಹಾ, ಪೆಂಚ್, ಕಾಜೀರಂಗ ಅರಣ್ಯಗಳಿಗೂ ವಿಸ್ತರಿಸಿದರು. ೨೦೦೬ರಲ್ಲಿ ಹೊರಬಂದ ಇನ್ನೊಂದು ಪ್ರಬಂಧವು ೧೯೯೧ರಿಂದ ೨೦೦೦ದವರೆಗೆ ನಾಗರಹೊಳೆಯಲ್ಲಿ ಚಿತ್ರಿತವಾದ ೭೪ ಹುಲಿಗಳ ಚರಿತ್ರೆಯನ್ನು ಒಳಗೊಂಡಿದೆ. ಒಂದು ವರ್ಷ ಇದ್ದ ಹುಲಿಗಳಲ್ಲಿ ಮರುವರ್ಷವೂ ಅಲ್ಲಿ ಉಳಿಯುವುವು ನೂರಕ್ಕೆ ಸುಮಾರು ೭೭ ಮಾತ್ರವೆಂದು ಅದು ತೋರಿಸಿತು. ಹಾಗಿದ್ದರೂ ಆ ಕಾಡು ಹುಲಿಗಳಿಂದ ಬರಿದಾಗಲಿಲ್ಲ. ಸತ್ತ ಮತ್ತು ವಲಸೆಹೋದ ಹುಲಿಗಳ ಎಡೆಯನ್ನು ಹೊಸವು ತುಂಬುತ್ತ ಬಂದುವು. ಒಂದು ಹುಲಿ ಸತ್ತಿತೆಂಬ ವಾರ್ತೆಗೆ ಕುಲವೇ ಅಳಿಯಿತೆಂದು ಗೋಳಿಡುವವರೂ, ಎರಡು ಮರಿ ಕಂಡುವೆಂಬ ವಾರ್ತೆಗೆ ಸಂರಕ್ಷಣೆಯ ಕಾರ್ಯ ಪೂರ್ಣವಾಯಿತೆಂದು ಹಿಗ್ಗುವವರೂ ಈ ಪ್ರಬಂಧವನ್ನು ನೋಡಬೇಕು. ಅದರ ಗುಣವು ಅದರ ಸಂಯಮ. ಪ್ರತಿಯೊಂದು ಸಂಖ್ಯೆಯ ಬಳಿಯಲ್ಲಿಯೂ ಅದರಲ್ಲಿರಬಹುದಾದ ತಪ್ಪಿನ ಪ್ರಮಾಣವನ್ನು ಅದು ಕಾಣಿಸಿದೆ.

ಹಾಗಾದರೆ ಹೆಜ್ಜೆಗುರುತಿಗೆ ಬೆಲೆಯೇ ಇಲ್ಲವೆ? ಉಂಟು, ಆದರೆ ಬೇರೆ ಪ್ರಶ್ನೆಗೆ. ಎಷ್ಟು ಹುಲಿಗಳು ಎಂಬುದಕ್ಕೆ ಅದು ಸಾಕ್ಷಿಯಾಗಲಾರದು. ಎಲ್ಲೆಲ್ಲಿ ಹುಲಿಯುಂಟು ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಕರ್ನಾಟಕದ ಮಲೆನಾಡು ಮತ್ತು ಮೈಸೂರು ಪ್ರಾಂತಗಳ ಸುಮಾರು ೩೮,೦೦೦ ಚದರ ಕಿಲೋಮೀಟರುಗಳ ನೆಲದಲ್ಲಿ ಹುಲಿಯ ಗುರುತುಗಳನ್ನು ಹುಡುಕಿ ನಡೆಸಿದ ಅಧ್ಯಯನವೊಂದು ೨೦೧೧ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದೇ ಭಾಗವನ್ನು ಮತ್ತೆ ಮತ್ತೆ ಹುಡುಕಿದುದರಿಂದ, ಹುಲಿಯಿದ್ದೂ ಗುರುತು ಸಿಕ್ಕದೆ ಹೋಗುವ ಸಂಭವವೆಷ್ಟೆಂಬುದನ್ನು ಅಳೆಯಲು ಸಾಧ್ಯವಾಯಿತು. ಗುರುತು ಕಂಡ ಜಾಗಗಳನ್ನು ಮಾತ್ರ ಎಣಿಸಿದ್ದರೆ ಹುಲಿಯ ನೆಲೆಯ ವಿಸ್ತಾರವನ್ನು ನೂರಕ್ಕೆ ೪೭ರಷ್ಟು ಕಡಮೆಯಾಗಿ ಹೇಳಿದಂತಾಗುತ್ತಿತ್ತು. ಇಲ್ಲಿ ಗಮನಿಸಬೇಕಾದ ವಿಶೇಷವೆಂದರೆ, ಅದೇ ಹೆಜ್ಜೆಗುರುತು ಸಾರಿಸ್ಕಾದಲ್ಲಿ ಇಲ್ಲದ ಹುಲಿಗಳಿಗೆ ಸಾಕ್ಷಿಯಾಯಿತು. ಇಲ್ಲಿ ಎಚ್ಚರವಿಲ್ಲದಿದ್ದರೆ ಇರುವ ಹುಲಿಗಳನ್ನು ಮರೆಸುತ್ತಿತ್ತು.

೩

ಸಾರಿಸ್ಕಾದ ಆಘಾತದ ಬಳಿಕ ಹೆಜ್ಜೆಗುರುತಿನ ಗಣತಿಯನ್ನು ಬಿಟ್ಟು, ೨೦೦೬ರಿಂದ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರು ರೂಪಿಸಿದ ಹೊಸ ಕ್ರಮದಲ್ಲಿ ನಾಲ್ಕು ವರ್ಷಗಳಿಗೊಮ್ಮೆ ರಾಷ್ಟ್ರೀಯ ಗಣನೆ ನಡೆಯುತ್ತ ಬಂದಿದೆ. ಕೆಲವು ಕಾಡುಗಳಲ್ಲಿ ಕ್ಯಾಮರಾಗಳಿಂದ ಎಣಿಸುವುದು. ಉಳಿದ ಕಾಡುಗಳಲ್ಲಿ ಗುರುತುಗಳು, ಬೇಟೆಯ ಪ್ರಾಣಿಗಳು, ಮನುಷ್ಯರ ಸಂಚಾರ ಮೊದಲಾದುವನ್ನು ದಾಖಲಿಸುವುದು. ಮೊದಲನೆಯವುಗಳ ಸಂಬಂಧದಿಂದ ಎರಡನೆಯವುಗಳನ್ನು ಅಂದಾಜು ಮಾಡುವುದು. ಇದು ಅದರ ಸ್ಥೂಲರೂಪ. ೨೦೦೬ರ ಗಣನೆಯ ಫಲ ೧,೧೬೫ರಿಂದ ೧,೬೫೭, ಮಧ್ಯಮಾನ ೧,೪೧೧. ೨೦೧೮ರದು ೨,೬೦೩ರಿಂದ ೩,೩೪೬, ಮಧ್ಯಮಾನ ೨,೯೬೭. ೨೦೨೨ರದು ೩,೧೬೭ರಿಂದ ೩,೯೨೫, ಮಧ್ಯಮಾನ ೩,೬೮೨.

ಈ ಕಾರ್ಯದ ಪ್ರಮಾಣವು ಸಾಮಾನ್ಯವಾದುದಲ್ಲ. ೨೦೧೮ರಲ್ಲಿ ೨೬,೮೩೮ ಕಡೆಗಳಲ್ಲಿ ಕ್ಯಾಮರಾಗಳನ್ನಿಟ್ಟು ೨,೪೬೧ ಹುಲಿಗಳನ್ನು ಒಂದೊಂದಾಗಿ ಗುರುತಿಸಲಾಯಿತು. ಅಂದರೆ ಹೇಳಿದ ಸಂಖ್ಯೆಯ ಬಹುಭಾಗಕ್ಕೆ ಚಿತ್ರದ ಪ್ರತ್ಯಕ್ಷ ಸಾಕ್ಷ್ಯವಿದೆ. ಹಳೆಯ ಕ್ರಮದೊಡನೆ ಹೋಲಿಸಿದರೆ ಇದು ನಿಸ್ಸಂದೇಹವಾಗಿ ದೊಡ್ಡ ಮುನ್ನಡೆ. ಆದರೂ ಆಕ್ಷೇಪಗಳು ಬಾರದಿಲ್ಲ. ೨೦೧೫ರಲ್ಲಿ ಅರ್ಜುನ್ ಗೋಪಾಲಸ್ವಾಮಿ, ಮೋಹನ್ ದೇಲಂಪಾಡಿ, ಉಲ್ಲಾಸ ಕಾರಂತ ಮೊದಲಾದವರು, ಗುರುತುಗಳು ಕಣ್ಣಿಗೆ ಬೀಳುವ ಸಂಭವವು ಕಾಡಿನಿಂದ ಕಾಡಿಗೆ ಬದಲಾಗುವುದರಿಂದ ಒಂದೆಡೆಯ ಸಂಬಂಧವನ್ನು ಇನ್ನೊಂದೆಡೆಗೆ ಹೊರಿಸುವುದು ನಂಬತಕ್ಕುದಲ್ಲವೆಂದು ಗಣಿತದಿಂದ ಪ್ರತಿಪಾದಿಸಿದರು. ೨೦೧೯ರಲ್ಲಿ ಖುರೇಷಿ, ಗೋಪಾಲ್, ಝಾಲಾ ಎಂಬ ಗಣನೆಯ ಕರ್ತೃಗಳು, ಆಕ್ಷೇಪಕರು ಆರಿಸಿಕೊಂಡ ಅಂಕಿಗಳೇ ಉಚಿತವಾದುವಲ್ಲವೆಂದು ಉತ್ತರವಿತ್ತರು. ನಮ್ಮ ದೃಷ್ಟಿಯಲ್ಲಿ ಆಕ್ಷೇಪದ ತತ್ತ್ವಾಂಶವು ಬಲವಾದುದು: ಕ್ಯಾಮರಾ ಇದ್ದ ಕಾಡಿನ ಸಂಖ್ಯೆಗೂ ಇಲ್ಲದ ಕಾಡಿನ ಸಂಖ್ಯೆಗೂ ಪ್ರಾಮಾಣ್ಯವು ಒಂದೇ ಅಲ್ಲ. ಆದರೆ ಪ್ರತ್ಯಕ್ಷವಾಗಿ ಚಿತ್ರಿತವಾದ ಹುಲಿಗಳ ಪಾಲು ಹೆಚ್ಚಿದಷ್ಟೂ ಆ ಆಕ್ಷೇಪವು ತಗಲುವ ಭಾಗವು ಕುಗ್ಗುವುದೆಂಬುದನ್ನೂ ಒಪ್ಪಬೇಕು. ಎರಡು ಪಕ್ಷದವರ ಮೂಲ ಅಂಕಿಗಳೂ ಮೂರನೆಯವರ ಪರೀಕ್ಷೆಗೆ ತೆರೆದಿದ್ದರೆ ಮಾತ್ರ ಇಂತಹ ವಾದವು ಮುಗಿಯುತ್ತದೆ. ಪಾಠಾಂತರಗಳನ್ನು ಕೊಡದೆ ಪರಿಷ್ಕೃತ ಪಾಠವನ್ನು ಮಾತ್ರ ಅಚ್ಚುಮಾಡಿದ ಗ್ರಂಥವನ್ನು ನಾವು ಶಾಸ್ತ್ರೀಯ ಸಂಪಾದನೆಯೆಂದು ಒಪ್ಪುವುದಿಲ್ಲವಷ್ಟೆ.

ಇದಕ್ಕಿಂತ ಹೆಚ್ಚಿನ ದೋಷವು ಓದುವವರಲ್ಲಿದೆ. ೩,೬೪೨ ಇದ್ದುದು ನಾಲ್ಕೈದು ವರ್ಷಗಳಲ್ಲಿ ೧,೪೧೧ಕ್ಕೆ ಇಳಿಯಿತು, ಎರಡು ಸಾವಿರಕ್ಕೂ ಮೇಲೆ ಹುಲಿಗಳು ಹತವಾದುವು ಎಂದು ಆಗ ಬರೆದವರು ಬಹುಮಂದಿ. ಆದರೆ ಮೊದಲನೆಯ ಸಂಖ್ಯೆ ಒಂದು ಕ್ರಮದ್ದು, ಎರಡನೆಯದು ಇನ್ನೊಂದು ಕ್ರಮದ್ದು. ಒಂದನ್ನು ಇನ್ನೊಂದರಿಂದ ಕಳೆಯುವುದಕ್ಕೆ ಅರ್ಥವೇ ಇಲ್ಲ. ೨೦೧೮ರ ಫಲದಲ್ಲಿ ಮಧ್ಯಪ್ರದೇಶಕ್ಕೆ ೫೨೬, ಕರ್ನಾಟಕಕ್ಕೆ ೫೨೪ ಎಂದು ಬಂದಾಗ, ಎರಡು ಹುಲಿಗಳಿಂದ ನಮ್ಮ ನಾಡು ಪ್ರಥಮಸ್ಥಾನವನ್ನು ಕಳೆದುಕೊಂಡಿತೆಂಬ ಮಾತು ಎಲ್ಲೆಲ್ಲಿಯೂ ಕೇಳಿಬಂದಿತು. ಹತ್ತಾರು ಹುಲಿಗಳ ವ್ಯತ್ಯಾಸಕ್ಕೆ ಎಡೆಯುಳ್ಳ ಅಂದಾಜಿನಲ್ಲಿ ಎರಡರ ಅಂತರದಿಂದ ಜಯಾಪಜಯಗಳನ್ನು ನಿರ್ಣಯಿಸುವುದು ಹಾಸ್ಯಾಸ್ಪದ. ಗ್ರಂಥದಲ್ಲಿದ್ದ ಮೇಲಿನ ಕೆಳಗಿನ ಎಲ್ಲೆಗಳನ್ನು ಬಿಟ್ಟು ಮಧ್ಯಮಾನವನ್ನು ಮಾತ್ರ ಉದ್ಧರಿಸುವುದು, ಕವಿಯ ಕಾಲವು ‘ಸುಮಾರು’ ಇಷ್ಟೆಂದು ಬರೆದ ಪಂಡಿತನ ಮಾತಿನಿಂದ ಆ ‘ಸುಮಾರು’ ಎಂಬುದನ್ನು ಕಿತ್ತುಹಾಕಿದಂತೆಯೇ ಸರಿ.

೪

ಕಾಣದುದನ್ನು ಕಂಡುದರಿಂದ ಅಳೆಯುವ ಈ ವಿದ್ಯೆಯು ಕಾಡಿನಿಂದ ಗ್ರಂಥಾಲಯಕ್ಕೆ ಬಂದ ದಾರಿಯು ಕುತೂಹಲಕರವಾಗಿದೆ. ಸ್ಟೀವನ್ ಕಾರ್ಬೆಟ್ ಎಂಬ ಕೀಟಶಾಸ್ತ್ರಜ್ಞರು ಮಲಯದೇಶದಲ್ಲಿ ಚಿಟ್ಟೆಗಳನ್ನು ಸಂಗ್ರಹಿಸಿದ್ದರು. (ಬೇಟೆಗಾರ ಜಿಮ್ ಕಾರ್ಬೆಟ್ ಬೇರೆ.) ೧೧೮ ಜಾತಿಗಳು ಒಂದೊಂದೇ ಸಲ, ೭೪ ಜಾತಿಗಳು ಎರಡೆರಡು ಸಲ ದೊರೆತಿದ್ದುವು. ಇನ್ನೂ ಅಷ್ಟೇ ಕಾಲ ಹುಡುಕಿದರೆ ಹೊಸ ಜಾತಿಗಳೆಷ್ಟು ಸಿಕ್ಕಬಹುದೆಂಬ ಪ್ರಶ್ನೆಯನ್ನು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರರು ಕೈಗೆತ್ತಿಕೊಂಡರು. ಅವರಿಬ್ಬರೂ ವಿಲಿಯಮ್ಸರೂ ಸೇರಿ ಬರೆದ ಪ್ರಬಂಧವು ೧೯೪೩ರಲ್ಲಿ ಬಂದಿತು. ಅಪರೂಪವಾಗಿ ಕಂಡವುಗಳ ಸಂಖ್ಯೆಯೇ ಇನ್ನೂ ಕಾಣದವುಗಳಿಗೆ ಸೂಚಕವೆಂಬುದು ಅದರಿಂದ ಸ್ಪಷ್ಟವಾಯಿತು. ೧೯೭೬ರಲ್ಲಿ ಎಫ್ರಾನ್ ಮತ್ತು ಥಿಸ್ಟೆಡ್ ಎಂಬವರು ಅದೇ ಗಣಿತವನ್ನು ಷೇಕ್ಸ್‌ಪಿಯರನ ಶಬ್ದಸಂಪತ್ತಿಗೆ ಹಚ್ಚಿದರು. ಆ ಕವಿಯು ಬಳಸಿದ ಬೇರೆಬೇರೆ ಪದರೂಪಗಳು ೩೧,೫೩೪. ಅವುಗಳಲ್ಲಿ ೧೪,೩೭೬ ಒಮ್ಮೆ ಮಾತ್ರ ಬಂದಿವೆ. ಕವಿಗೆ ಗೊತ್ತಿದ್ದು ಬಳಸದೆ ಉಳಿದ ಪದಗಳು ಕಡೆಯ ಪಕ್ಷ ೩೫,೦೦೦ ಇರಬೇಕೆಂದು ಅವರು ಗಣಿಸಿದರು. ೨೦೨೨ರಲ್ಲಿ ಮೈಕ್ ಕೆಸ್ಟೆಮಾಂಟರೂ ಅವರ ಸಂಗಡಿಗರೂ ಮಧ್ಯಯುಗದ ಯೂರೋಪಿನ ಆರು ಭಾಷೆಗಳ ವೀರಕಥೆಗಳ ಹಸ್ತಪ್ರತಿಗಳನ್ನು ಇದೇ ಬಗೆಯ ವಿಧಾನದಿಂದ ಪರಿಶೀಲಿಸಿ, ಕೃತಿಗಳಲ್ಲಿ ನೂರಕ್ಕೆ ಸುಮಾರು ೬೮, ಪ್ರತಿಗಳಲ್ಲಿ ನೂರಕ್ಕೆ ಸುಮಾರು ೯ ಮಾತ್ರ ಉಳಿದಿವೆ ಎಂಬ ಅಂದಾಜಿಗೆ ಬಂದರು. ಐರ್ಲೆಂಡ್, ಐಸ್‌ಲೆಂಡುಗಳ ಸಾಹಿತ್ಯವು ಹೆಚ್ಚಾಗಿಯೂ ಇಂಗ್ಲಿಷಿನದು ಕಡಮೆಯಾಗಿಯೂ ಉಳಿದಿವೆಯಂತೆ.

ಅವರು ಆಧರಿಸಿದ ಸೂತ್ರವನ್ನು ರೂಪಿಸಿದವರು ತೈವಾನಿನ ಆನ್ ಚಾವ್ ಎಂಬ ವಿದುಷಿ, ಕಾಲ ೧೯೮೪. ಒಂದೇ ಪ್ರತಿಯಲ್ಲಿ ಸಿಕ್ಕಿದ ಕೃತಿಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಎರಡು ಪ್ರತಿಗಳಲ್ಲಿ ಸಿಕ್ಕಿದ ಕೃತಿಗಳ ಸಂಖ್ಯೆಯ ಇಮ್ಮಡಿಯಿಂದ ಭಾಗಿಸಿದರೆ, ಒಂದು ಪ್ರತಿಯೂ ಉಳಿಯದೆ ಹೋದ ಕೃತಿಗಳು ಕಡೆಯ ಪಕ್ಷ ಎಷ್ಟೆಂಬ ಅಂದಾಜು ಬರುತ್ತದೆ. ಉದಾಹರಣೆಗೆ ಒಂದೇ ಪ್ರತಿಯುಳ್ಳವು ೪೦, ಎರಡು ಪ್ರತಿಗಳುಳ್ಳವು ೨೦ ಆದರೆ, ಕಾಣದುವು ೪೦ಕ್ಕೆ ಕಡಮೆಯಿಲ್ಲ.

ಕನ್ನಡದಲ್ಲಿ ಕಾಣದ ಗ್ರಂಥಗಳಿಗೆ ಕೊರತೆಯೆ? ಕವಿರಾಜಮಾರ್ಗವು ಹೆಸರಿಸುವ ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕರ್ತರ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದ ಪದ್ಯಕರ್ತರ ಕನ್ನಡ ಕೃತಿಗಳು ನಮಗೆ ದೊರೆತಿಲ್ಲ. ಒಂದನೆಯ ಗುಣವರ್ಮನ ಶೂದ್ರಕ ಮತ್ತು ಹರಿವಂಶಗಳೂ, ಪೊನ್ನನ ಭುವನೈಕರಾಮಾಭ್ಯುದಯವೂ, ರನ್ನನ ಪರಶುರಾಮಚರಿತವೂ ಪೂರ್ಣವಾಗಿ ಉಳಿದುಬಂದಿಲ್ಲ. ಬೇರೆ ಗ್ರಂಥಗಳಲ್ಲಿ ಬರುವ ಉಲ್ಲೇಖಗಳೂ ಉದ್ಧೃತ ಪದ್ಯಗಳೂ ಇವುಗಳ ಹೆಜ್ಜೆಗುರುತುಗಳು. ಅವುಗಳಿಂದ ಆ ಕೃತಿಗಳು ಇದ್ದುವೆಂದು ಹೇಳಬಹುದು. ಒಟ್ಟು ಎಷ್ಟು ಇದ್ದುವೆಂದು ಹೇಳಲಾಗದು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯು ಮಹಾಪ್ರಯಾಸದಿಂದ ಸಿದ್ಧವಾದ ಗಣನೆ. ಆದರೆ ಅದು ಕಂಡವುಗಳ ಮತ್ತು ಕೇಳಿದವುಗಳ ಗಣನೆ. ಅದರಲ್ಲಿನ ಕವಿಗಳ ಸಂಖ್ಯೆಯನ್ನು ಶತಮಾನಗಳಿಗೆ ಹಂಚಿ, ಇಂತಹ ಶತಮಾನದಲ್ಲಿ ಸಾಹಿತ್ಯವು ಸೊರಗಿತು, ಇಂತಹದರಲ್ಲಿ ಹುಲುಸಾಯಿತು ಎಂದು ಪಾಠ ಹೇಳುವಾಗ, ನಾವು ೨೦೦೬ಕ್ಕೆ ಹಿಂದಿನ ಹುಲಿಗಣತಿಯನ್ನೇ ಅನುಸರಿಸಿದಂತಾಗುತ್ತದೆ. ಸೊರಗಿದುದು ಸಾಹಿತ್ಯವೋ ನಮ್ಮ ಕಣ್ಣಿಗೆ ಬೀಳುವ ಸಂಭವವೋ ಎಂಬುದನ್ನು ಬೇರ್ಪಡಿಸದೆ ಅಂತಹ ತೀರ್ಮಾನ ಸಲ್ಲದು.

ಆದರೆ ಚಾವ್ ಅವರ ಸೂತ್ರವನ್ನು ನಮ್ಮ ಗ್ರಂಥಸೂಚಿಗಳಿಗೆ ಹಾಗೆಯೇ ಹಚ್ಚಬಹುದೆಂದು ನಾವು ಹೇಳುವುದಿಲ್ಲ. ಪ್ರತಿಗಳು ಉಳಿಯುವುದು ಆಕಸ್ಮಿಕದಿಂದ ಮಾತ್ರವಲ್ಲ. ಮಠದ ಪೂಜೆಗೆ ಬಂದ ಗ್ರಂಥ, ಬಸದಿಯ ಭಂಡಾರ ಸೇರಿದ ಗ್ರಂಥ, ಊರೂರಲ್ಲಿ ವಾಚಿಸಲ್ಪಟ್ಟ ಗ್ರಂಥ, ಇವುಗಳ ಭಾಗ್ಯವು ಅರಮನೆಯೊಡನೆ ಅಳಿದ ಲೌಕಿಕ ಕಾವ್ಯಕ್ಕೆ ಇಲ್ಲ. ಒಂದೇ ಕುಟುಂಬದ ಸಂಗ್ರಹದಿಂದ ಬಂದ ಎರಡು ಪ್ರತಿಗಳನ್ನು ಎರಡು ಸ್ವತಂತ್ರ ಸಾಕ್ಷಿಗಳೆಂದು ಎಣಿಸುವುದೂ ಕಷ್ಟ. ಹುಲಿಗಳಲ್ಲಿಯೂ ಕೆಲವು ಕ್ಯಾಮರಾಕ್ಕೆ ಸುಲಭವಾಗಿ ಸಿಕ್ಕುತ್ತವೆ, ಕೆಲವು ಸಿಕ್ಕುವುದಿಲ್ಲ. ಅದಕ್ಕಾಗಿಯೇ ಗಣಿತವನ್ನು ತಿದ್ದುತ್ತ ಬಂದಿದ್ದಾರೆ. ನಾವು ತಿದ್ದಬೇಕಾದರೆ ಮೊದಲು ಸಾಮಗ್ರಿ ಬೇಕು: ಪ್ರತಿಯೊಂದು ಕೃತಿಗೂ ದೊರೆತ ಪ್ರತಿಗಳೆಷ್ಟು, ಎಲ್ಲಿಂದ ಬಂದುವು, ಯಾವುದನ್ನು ನೋಡಿ ಯಾವುದನ್ನು ನಕಲುಮಾಡಲಾಗಿದೆ, ಹುಡುಕಿಯೂ ಏನೂ ಸಿಕ್ಕದ ಊರುಗಳಾವುವು ಎಂಬ ದಾಖಲೆ. ಇವುಗಳಲ್ಲಿ ಕಡೆಯದು ಸಾಮಾನ್ಯವಾಗಿ ಯಾರೂ ಬರೆದಿಡದ ಸಂಗತಿ. ಸಿಕ್ಕದೆ ಹೋದುದೂ ಒಂದು ಸಾಕ್ಷ್ಯವೆಂಬುದನ್ನು ೨೦೧೧ರ ಮಲೆನಾಡಿನ ಅಧ್ಯಯನವು ತೋರಿಸಿಕೊಟ್ಟಿದೆ.

೫

ಕೊನೆಯಲ್ಲಿ ಹುಲಿಯ ವಿಷಯಕ್ಕೇ ಬರೋಣ. ಸಂಖ್ಯೆಯು ಸರಿಯಾಗಿಯೇ ಇದ್ದರೂ ಅದು ಕಾರ್ಯವನ್ನು ತಿಳಿಸುತ್ತದೆ, ಕಾರಣವನ್ನು ತಿಳಿಸುವುದಿಲ್ಲ. ಕಾರಂತರೂ ಅವರ ಸಹೋದ್ಯೋಗಿಗಳೂ ೨೦೦೪ರಲ್ಲಿ ಹಲವು ಅರಣ್ಯಗಳನ್ನು ಹೋಲಿಸಿ ಪ್ರಕಟಿಸಿದ ಪ್ರಬಂಧದಂತೆ, ನೂರು ಚದರ ಕಿಲೋಮೀಟರಿಗೆ ಮೂರು ಹುಲಿಗಳಿರುವ ಕಾಡಿಗೂ ಹದಿನಾರು ಹುಲಿಗಳಿರುವ ಕಾಡಿಗೂ ಇರುವ ವ್ಯತ್ಯಾಸವು ಬಹುಮಟ್ಟಿಗೆ ಜಿಂಕೆ, ಕಡವೆ, ಕಾಟಿ, ಹಂದಿ ಮೊದಲಾದ ಆಹಾರಪ್ರಾಣಿಗಳ ಸಮೃದ್ಧಿಯಲ್ಲಿದೆ. ಆ ಪ್ರಾಣಿಗಳಲ್ಲಿ ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲು ಹುಲಿಗೆ ಸಲ್ಲುತ್ತದೆ. ಆದುದರಿಂದ ಹುಲಿಯನ್ನು ಮುಟ್ಟದೆ ಜಿಂಕೆಯನ್ನು ಮಾತ್ರ ಕೊಂದ ಬೇಟೆಗಾರನೂ ಹುಲಿಯನ್ನು ಕೊಂದವನೇ ಆಗುತ್ತಾನೆ. ನಾಲ್ಕು ವರ್ಷಗಳಿಗೊಮ್ಮೆ ಬರುವ ಒಂದು ಸಂಖ್ಯೆಯಲ್ಲಿ ಈ ನಷ್ಟವು ತಡವಾಗಿ ಕಾಣಿಸಿಕೊಳ್ಳುತ್ತದೆ; ಆಗ ಕಾರಣವನ್ನು ಹುಡುಕುವುದು ಕಠಿನ.

ಮೇಲಣ ವಿವೇಚನೆಯಿಂದ ಇಷ್ಟು ಸಿದ್ಧವಾಗುತ್ತದೆ. ಹೆಜ್ಜೆಗುರುತಿನ ಗಣತಿಯು ತನ್ನ ತಪ್ಪನ್ನು ತಾನೇ ಅಳೆಯಲಾರದ ಕ್ರಮವಾಗಿದ್ದುದರಿಂದ ತ್ಯಾಜ್ಯವಾಯಿತು. ನಾಗರಹೊಳೆಯ ಕ್ರಮವು ಕಾಣದುದನ್ನು ಲೆಕ್ಕಕ್ಕೆ ತಂದುದರಿಂದ ಪ್ರಮಾಣವಾಯಿತು. ರಾಷ್ಟ್ರೀಯ ಗಣನೆಯು ಈ ಎರಡನೆಯದರ ಆಶ್ರಯ ಪಡೆದ ಮಟ್ಟಿಗೆ ಗ್ರಾಹ್ಯ, ಉಳಿದ ಮಟ್ಟಿಗೆ ವಿಚಾರ್ಯ. ಮುಂದೆ ಯಾವ ಗಣನೆಯ ಫಲ ಪ್ರಕಟವಾದಾಗಲೂ ಮೂರು ಪ್ರಶ್ನೆಗಳನ್ನು ಕೇಳಬೇಕು: ಪ್ರತ್ಯಕ್ಷವಾಗಿ ಕಂಡುವೆಷ್ಟು? ಕಾಣದೆ ತಪ್ಪಿದುವೆಷ್ಟೆಂದು ಯಾವ ಬಗೆಯಿಂದ ಅಳೆದರು? ಹುಡುಕದೆ ಬಿಟ್ಟ ಎಡೆಗಳಾವುವು? ಕವಿಚರಿತೆಯನ್ನೂ ಗ್ರಂಥಸೂಚಿಯನ್ನೂ ಪಾಠ ಹೇಳುವ ಅಧ್ಯಾಪಕರು ಇವೇ ಮೂರು ಪ್ರಶ್ನೆಗಳನ್ನು ತಮ್ಮ ವಿದ್ಯಾರ್ಥಿಗಳಿಂದ ಕೇಳಿಸಿದರೆ, ಸಾಹಿತ್ಯಚರಿತ್ರೆಗೂ ಕಾಡಿಗೂ ಸಮಾನವಾಗಿ ಉಪಕಾರವಾದೀತು. ಹಸ್ತಪ್ರತಿ ಭಂಡಾರಗಳ ವಿದ್ವಾಂಸರು ಮೇಲೆ ಸೂಚಿಸಿದ ದಾಖಲೆಯ ವಿಷಯವನ್ನು ಪರಿಶೀಲಿಸಿ ತಮ್ಮ ಅಭಿಪ್ರಾಯಗಳನ್ನು ಪ್ರಕಟಿಸಬೇಕೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.